ಚಳಿಗಾಲದಲ್ಲಿ ಮೆಟಲ್ ಡಿಟೆಕ್ಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಂತಾಮಣಿಯಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರಿಗೆ ತಾಮ್ರದ ತಂತಿ ಸುತ್ತುವುದು ದಿನದ ಕೆಲಸ. ಅದರ ಜೊತೆಗೆ ಹೊಲದಲ್ಲಿ ಕಳೆದುಹೋದ ಒಡವೆಗಳನ್ನು ಡಿಟೆಕ್ಟರ್ ಹಿಡಿದು ಹುಡುಕಿಕೊಡುತ್ತೇನೆ. ರಾಗಿ ಕೊಯ್ಲು ಶುರುವಾದಾಗಿನಿಂದ ಅವರೆಕಾಯಿ ಕಾಲ ಮುಗಿಯುವವರೆಗೆ ಜನ ಕರೆಯುವುದು ಜಾಸ್ತಿ. ಅದೇ ನಮ್ಮ ಕಡೆ ಚಳಿ, ಇಬ್ಬನಿ ಎಲ್ಲ ಇರುವ ಕಾಲ. ಅಂಗಡಿಗೆ ಬಂದವರು, ಫೋನ್ ಮಾಡಿದವರು, ಕಾಗದ ಬರೆದವರು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರ ಬರೆದಿದ್ದೇನೆ.

## ಹೊಸದಾಗಿ ಕೈಗೆತ್ತಿಕೊಳ್ಳುವವರಿಗೆ

ಅಣ್ಣಾ, ಈ ಚಳಿಗೆ ಮೆಷಿನ್ ಕೆಲಸ ಮಾಡುತ್ತಾ?

ಮಾಡುತ್ತೆ. ಡಿಟೆಕ್ಟರಿನ ತಟ್ಟೆಯೊಳಗೆ ತಾಮ್ರದ ಕಾಯಿಲ್ ಇರುತ್ತದೆ. ಅದರಲ್ಲಿ ಕರೆಂಟ್ ಹರಿದರೆ ಸುತ್ತ ಕಾಂತದ ಬಲ ಹುಟ್ಟುತ್ತದೆ. ಆ ಬಲ ನೆಲದೊಳಗಿನ ಲೋಹಕ್ಕೆ ತಾಗಿದಾಗ ಲೋಹದಲ್ಲೂ ಸಣ್ಣ ಕರೆಂಟ್ ಸುತ್ತುತ್ತದೆ. ಅದನ್ನು ಇನ್ನೊಂದು ಕಾಯಿಲ್ ಹಿಡಿದು ಸದ್ದು ಮಾಡುತ್ತದೆ. ಗಾಳಿ ತಣ್ಣಗಿದೆಯೋ ಬೆಚ್ಚಗಿದೆಯೋ ಎಂಬುದು ಈ ಕೆಲಸಕ್ಕೆ ಲೆಕ್ಕಕ್ಕಿಲ್ಲ. ಮಂಜು ಕವಿದರೂ ಅಷ್ಟೇ. ನಂದಿ ಬೆಟ್ಟದ ಬುಡದಲ್ಲಿ ಹತ್ತು ಹೆಜ್ಜೆ ಮುಂದೆ ಕಾಣದ ಮಂಜಿನಲ್ಲೂ ಮೆಷಿನ್ ಎಂದಿನಂತೆ ಸದ್ದು ಮಾಡುತ್ತದೆ.

ಡಿಸೆಂಬರ್, ಜನವರಿಯ ಬೆಳಗಿನ ಜಾವ ನಮ್ಮಲ್ಲಿ 10–12 ಡಿಗ್ರಿಗೆ ಇಳಿಯುವ ದಿನಗಳಿವೆ. ನಮಗೆ ಅದು ನಡುಗುವ ಚಳಿ, ಮೆಷಿನ್‌ಗೆ ಏನೂ ಅಲ್ಲ. ನಮ್ಮಲ್ಲಿ ಕೆಲಸ ಕೆಡಿಸುವುದು ಇಬ್ಬನಿ, ಹಳೇ ಸೆಲ್ ಮತ್ತು ಮರಗಟ್ಟಿದ ಬೆರಳು.

ಚಳಿಗಾಲದಲ್ಲೇ ಯಾಕೆ ಉಂಗುರ ಜಾಸ್ತಿ ಕಳೆಯೋದು?

ಚಳಿಗೆ ಬೆರಳು ಸಣ್ಣಗಾಗುತ್ತದೆ. ಚರ್ಮದ ಕೆಳಗಿನ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಮಧ್ಯಾಹ್ನ ಬಿಗಿಯಾಗಿದ್ದ ಉಂಗುರ ಬೆಳಿಗ್ಗೆ ಸಡಿಲ. ಅದೇ ಕೈಯಲ್ಲಿ ಇಬ್ಬನಿ ತುಂಬಿದ ಅವರೆ ಗಿಡ ಸವರಿ ಕಾಯಿ ಕಿತ್ತರೆ, ಒದ್ದೆ ರಾಗಿ ತೆನೆ ಹಿಡಿದು ಕುಡುಗೋಲು ಎಳೆದರೆ, ಉಂಗುರ ಜಾರಿದ್ದೇ ಗೊತ್ತಾಗುವುದಿಲ್ಲ. ಬೆರಳೂ ಮರಗಟ್ಟಿರುತ್ತದಲ್ವಾ. ಮನೆಗೆ ಬಂದು ಕೈ ತೊಳೆಯುವಾಗಲೇ ಎದೆ ಧಸಕ್ ಅನ್ನುವುದು. ಕೊಯ್ಲಿನ ದಿನ ಉಂಗುರ ಬಿಚ್ಚಿ ಮನೆಯಲ್ಲೇ ಇಡಿ. ಬಿಚ್ಚುವ ಹಾಗಿಲ್ಲ ಅನ್ನುವವರು ಒಳಭಾಗಕ್ಕೆ ದಾರ ಸುತ್ತಿಕೊಳ್ಳಿ.

ಎಷ್ಟು ಆಳಕ್ಕೆ ತೋರಿಸುತ್ತೆ? ಹತ್ತು ಅಡಿ ಕೆಳಗಿನ ಚಿನ್ನ ತೋರಿಸೋ ಮೆಷಿನ್ ಇದೆಯಂತಲ್ಲ?

ಹನ್ನೊಂದು ಇಂಚಿನ ಕಾಯಿಲ್ ಇರುವ ಸಾಮಾನ್ಯ ಮೆಷಿನ್‌ನಲ್ಲಿ ಒಂದು ಉಂಗುರ ಆರರಿಂದ ಎಂಟು ಇಂಚಿನವರೆಗೆ ಚೆನ್ನಾಗಿ ಕೇಳಿಸುತ್ತದೆ. ಕೊಡದಷ್ಟು ದೊಡ್ಡ ಲೋಹ ಎರಡು ಮೂರು ಅಡಿಯವರೆಗೂ ತಿಳಿಯಬಹುದು. ಚಿನ್ನ ಯಾವುದು, ಹಿತ್ತಾಳೆ ಯಾವುದು, ಮಾತ್ರೆಯ ಅಲ್ಯೂಮಿನಿಯಂ ಹಾಳೆ ಯಾವುದು ಅಂತ ಮೆಷಿನ್ ಖಚಿತವಾಗಿ ಹೇಳುವುದಿಲ್ಲ. ಉಂಗುರಕ್ಕೂ ಮಾತ್ರೆ ಹಾಳೆಗೂ ಎಷ್ಟೋ ಸಲ ಸ್ಕ್ರೀನಿನಲ್ಲಿ ಒಂದೇ ನಂಬರ್ ಬರುತ್ತದೆ.

ಎರಡು ಕಡ್ಡಿ ಹಿಡಿದು ಊರಾಚೆಯ ಚಿನ್ನಕ್ಕೆ ತಿರುಗುತ್ತದೆ ಅಂತ ಲಕ್ಷಗಟ್ಟಲೆಗೆ ಮಾರುವ ಸಾಮಾನುಗಳು ಪೂರಾ ಮೋಸ. ಜಮೀನು ಅಡ ಇಟ್ಟು ಅಂಥದ್ದನ್ನು ಕೊಂಡವರೊಬ್ಬರು ರಿಪೇರಿಗೆ ಅಂತ ನನ್ನ ಅಂಗಡಿಗೆ ತಂದಿದ್ದರು. ಬಿಚ್ಚಿ ನೋಡಿದರೆ ಒಳಗೆ ಒಂದು ಕಾಯಿಲ್ ಕೂಡ ಇರಲಿಲ್ಲ. ಅವರಿಗೆ ಅದನ್ನು ಹೇಳಬೇಕಾಗಿ ಬಂದದ್ದು ಇವತ್ತಿಗೂ ನನಗೆ ಸಂಕಟ. ದಯವಿಟ್ಟು ದುಡ್ಡು ಕೊಡುವ ಮೊದಲು ಒಂದು ಉಂಗುರವನ್ನು ಮಣ್ಣಿನಲ್ಲಿ ಹೂತು, ಎಲ್ಲಿ ಅಂತ ಹೇಳದೆ, ಮಾರುವವನ ಕೈಯಲ್ಲೇ ಹುಡುಕಿಸಿ.

ಬೋರ್‌ವೆಲ್ ಪಾಯಿಂಟ್ ಇದರಲ್ಲಿ ನೋಡಬಹುದಾ ಸಾರ್?

ಆಗುವುದಿಲ್ಲ. ನೀರು ಲೋಹವಲ್ಲ, ಸಾವಿರ ಅಡಿ ಈ ಮೆಷಿನ್ನಿನ ಲೆಕ್ಕವೂ ಅಲ್ಲ. ಆದರೆ ಮಣ್ಣು ಮುಚ್ಚಿದ ಹಳೇ ಕಬ್ಬಿಣದ ಕೇಸಿಂಗ್ ಪೈಪ್, ಜಿಐ ಪೈಪ್‌ಲೈನ್ ಎಲ್ಲಿ ಹೋಗಿದೆ ಅಂತ ಚೆನ್ನಾಗಿ ತೋರಿಸುತ್ತದೆ. ಪಿವಿಸಿ ಪೈಪ್ ತೋರಿಸುವುದಿಲ್ಲ.

ಹಳೇ ಕೋಟೆ, ಪಾಳು ದೇವಸ್ಥಾನದ ಹತ್ತಿರ ನೋಡಿದ್ರೆ ಏನಾದ್ರೂ ಸಿಗುತ್ತಾ? ಸಿಕ್ಕಿದ್ರೆ ಯಾರಿಗೆ ಸೇರುತ್ತೆ?

ಅಲ್ಲಿಗೆ ಮೆಷಿನ್ ತೆಗೆದುಕೊಂಡು ಹೋಗಲೇಬೇಡಿ. ನಂದಿಯ ಭೋಗನಂದೀಶ್ವರ, ಕೋಲಾರದ ಸೋಮೇಶ್ವರ, ಕೋಲಾರಮ್ಮನ ಗುಡಿಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ರಕ್ಷಿತ ಜಾಗದಲ್ಲಿ ಅಪ್ಪಣೆ ಇಲ್ಲದೆ ನೆಲ ಅಗೆಯುವುದು 1958ರ ಸ್ಮಾರಕ ಕಾಯ್ದೆ ಪ್ರಕಾರ ಅಪರಾಧ. ರಾಜ್ಯದ ರಕ್ಷಣೆಯಲ್ಲಿರುವ ಸ್ಮಾರಕಗಳಿಗೆ ನಮ್ಮದೇ 1961ರ ಕಾಯ್ದೆ ಇದೆ. ಯಾರ ಪಟ್ಟಿಯಲ್ಲೂ ಇಲ್ಲದ ಊರ ಗುಡಿಯಾದರೂ ಅದು ಊರಿನದು, ನಮ್ಮ ಸ್ವಂತದ್ದಲ್ಲ.

ನಿಮ್ಮ ಹೊಲದಲ್ಲೇ ಉಳುವಾಗ ಹಳೇ ನಾಣ್ಯದ ಕುಡಿಕೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಅದನ್ನು ಸುಮ್ನೆ ಮನೆಗೆ ತರುವ ಹಾಗಿಲ್ಲ. ದೇಶಕ್ಕೆ 1878ರ ನಿಧಿ ಕಾಯ್ದೆ ಇದೆ, ನಮ್ಮ ರಾಜ್ಯಕ್ಕೆ 1962ರದ್ದು ಇದೆ. ಜಿಲ್ಲಾಧಿಕಾರಿಗೆ ತಿಳಿಸಬೇಕು. ಅಲ್ಲೇ ಅಗೆತ ನಿಲ್ಲಿಸಿ, ಪಂಚಾಯ್ತಿಯವರನ್ನೋ ತಹಶೀಲ್ದಾರರನ್ನೋ ಕರೆಯಿರಿ. ಮಣ್ಣಿನಲ್ಲಿ ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಇತ್ತು ಅನ್ನುವುದರಿಂದಲೇ ಅದರ ಕಾಲ ತಿಳಿಯುವುದು. ನಾವು ಕಿತ್ತುಬಿಟ್ಟರೆ ಆ ಸಾಕ್ಷಿ ಹೋಯಿತು.

ಅಮಾವಾಸ್ಯೆ ರಾತ್ರಿ ನಿಧಿ ಅಂತ ಬಸವಣ್ಣನ ಕೆಳಗೆ, ಗರುಡಗಂಬದ ಬುಡದಲ್ಲಿ ಗುಂಡಿ ತೋಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ಕಲ್ಲಿನ ಬಸವನ ಕಿವಿ ಒಡೆದು ಬಿದ್ದಿತ್ತು. ಅಂಥ ಕೆಲಸಕ್ಕೆ ಯಾರು ಕರೆದರೂ ನಾನು ಹೋಗುವುದಿಲ್ಲ. ನನ್ನ ಮೆಷಿನ್ ಬದುಕಿರುವವರು ಕಳೆದುಕೊಂಡದ್ದನ್ನು ಹುಡುಕುವುದಕ್ಕೆ ಮಾತ್ರ.

ಕೆಜಿಎಫ್ ಸೈನೈಡ್ ದಿಬ್ಬದಲ್ಲಿ ಚಿನ್ನ ಉಳಿದಿದೆ ಅಂತಾರೆ, ಡಿಟೆಕ್ಟರ್ ತಗೊಂಡು ಹೋಗೋಣ್ವಾ?

ಬೇಡ. ಅಲ್ಲಿ ಕಲ್ಲನ್ನು ಮೂರು ಕಿಲೋಮೀಟರಿಗೂ ಹೆಚ್ಚು ಆಳದಿಂದ ತಂದು, ಹಿಟ್ಟಿನಂತೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆಯುತ್ತಿದ್ದರು. ಮಿಕ್ಕ ಮಣ್ಣೇ ಆ ದಿಬ್ಬಗಳು. ಅದರಲ್ಲಿ ಉಳಿದಿರುವ ಚಿನ್ನ ಕಣ್ಣಿಗೆ ಕಾಣದಷ್ಟು ಸಣ್ಣ ಕಣ. ಯಾವ ಕೈ ಮೆಷಿನ್‌ಗೂ ಅದು ಕೇಳಿಸುವುದಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರೂ ಜಾಗ ಸರ್ಕಾರದ್ದೇ. ಚಳಿಗಾಲದ ಒಣ ಗಾಳಿಗೆ ಆ ದಿಬ್ಬದ ದೂಳು ಮೂಗಿಗೆ ಹೋಗುವುದೂ ಒಳ್ಳೆಯದಲ್ಲ.

## ಹೊಲಕ್ಕೆ ಇಳಿದ ಮೇಲೆ

ರಾತ್ರಿ ಫುಲ್ ತೋರಿಸಿದ ಸೆಲ್ ಬೆಳಿಗ್ಗೆ ಅರ್ಧ ತೋರಿಸುತ್ತೆ. ಸೆಲ್ ಮೋಸಾನಾ?

ಎರಡು ಕಾರಣ ಇರಬಹುದು. ಸೆಲ್ ಒಳಗೆ ನಡೆಯುವುದು ರಾಸಾಯನಿಕ ಕೆಲಸ. ತಣ್ಣಗಾದಷ್ಟೂ ಅದು ನಿಧಾನ, ವೋಲ್ಟೇಜ್ ಕುಸಿಯುತ್ತದೆ. ಬೆಚ್ಚಗಾದ ಮೇಲೆ ಅದೇ ಸೆಲ್ ಚೇತರಿಸಿಕೊಳ್ಳುತ್ತದೆ. ಆದ್ದರಿಂದ ಸತ್ತುಹೋಯಿತು ಅಂತ ಎಸೆಯಬೇಡಿ, ಅಂಗಿ ಒಳಜೇಬಿನಲ್ಲಿ ಹತ್ತು ನಿಮಿಷ ಇಟ್ಟು ಮತ್ತೆ ಹಾಕಿ ನೋಡಿ.

ಆದರೆ ನಮ್ಮ 12 ಡಿಗ್ರಿಗೆ ಒಳ್ಳೇ ಸೆಲ್ ಅರ್ಧಕ್ಕೆ ಇಳಿಯುವುದಿಲ್ಲ. ಇಳಿದರೆ ಅದು ಹಳೇ ಸ್ಟಾಕ್. ಪೇಟೆಯ ಒಂದು ಅಂಗಡಿಯಲ್ಲಿ ನನಗೂ ಹಾಗೇ ಆಯಿತು. ದಿನಾಂಕ ನೋಡದೆ ತಂದ ನಾಲ್ಕು ಪೆನ್ಸಿಲ್ ಸೆಲ್ ಒಂದು ಗಂಟೆ ಬಾಳಲಿಲ್ಲ. ಹುಡುಕಬೇಕಿದ್ದ ಮೂಗುತಿ ಅವತ್ತು ಸಿಗಲಿಲ್ಲ, ಮಾರನೇ ದಿನ ಮತ್ತೆ ಹೋಗಬೇಕಾಯಿತು.

ಯಾವ ಸೆಲ್ ಹಾಕಬೇಕು ಅಂತ ಕೇಳಿದರೆ, ಚಾರ್ಜ್ ಮಾಡುವ ನಿಕಲ್ ಸೆಲ್ ಚಳಿಗೆ ಸಾಮಾನ್ಯ ಆಲ್ಕಲೈನ್ ಸೆಲ್‌ಗಿಂತ ಚೆನ್ನಾಗಿ ತಡೆಯುತ್ತದೆ. ಅದರ ವೋಲ್ಟೇಜ್ 1.5 ಅಲ್ಲ, 1.2. ನಾಲ್ಕು ಸೇರಿದರೆ 6 ಬದಲು 4.8. ಹೀಗಾಗಿ ಕೆಲವು ಮೆಷಿನ್ ಹೊಸದಾಗಿ ಚಾರ್ಜ್ ಆದ ಸೆಲ್‌ಗೂ ಸ್ಕ್ರೀನಿನ ಬ್ಯಾಟರಿ ಗುರುತಿನಲ್ಲಿ ಒಂದು ಕಡ್ಡಿ ಕಡಿಮೆ ತೋರಿಸುತ್ತವೆ. ಹೆದರಬೇಡಿ. ಹೊಸದು ಹಳೇದು ಬೆರೆಸಬೇಡಿ. ಕೆಲಸ ಮುಗಿದ ಮೇಲೆ ಸೆಲ್ ಬಿಚ್ಚಿಡಿ, ಒಳಗೇ ಸೋರಿದರೆ ತಗಡು ತಿಂದುಹಾಕುತ್ತದೆ.

ಇಬ್ಬನಿಗೆ ಮೆಷಿನ್ ಹಾಳಾಗುತ್ತಾ?

ಕಾಯಿಲ್ ಹಾಳಾಗುವುದಿಲ್ಲ. ಹೆಚ್ಚಿನ ಕಾಯಿಲ್‌ಗಳು ನೀರಿಗೆ ಜಗ್ಗುವುದಿಲ್ಲ. ಮೇಲಿನ ಡಬ್ಬಿ ಮಾತ್ರ ಬೇರೆ, ಸ್ಕ್ರೀನ್, ಸ್ಪೀಕರ್ ತೂತು, ಹೆಡ್‌ಫೋನ್ ಸಾಕೆಟ್ ಎಲ್ಲ ಅಲ್ಲೇ ಇರುವುದು. ಅದಕ್ಕೆ ತೆಳು ಪ್ಲಾಸ್ಟಿಕ್ ಕವರ್ ಕಟ್ಟಿ, ಸಾಕು.

ಬಹಳ ಜನಕ್ಕೆ ಗೊತ್ತಿಲ್ಲದ ಅಪಾಯ ಹೊಲದಲ್ಲಿಲ್ಲ, ಮನೆಯಲ್ಲಿದೆ. ತಣ್ಣಗಾದ ಮೆಷಿನ್ ಅನ್ನು ಒಲೆ ಉರಿಯುವ ಮನೆಯೊಳಗೆ ತಂದರೆ, ಒಳಗಿನ ಬೆಚ್ಚನೆಯ ಹವೆಯ ತೇವ ತಣ್ಣನೆಯ ತಗಡಿನ ಮೇಲೆ ಹನಿಗಟ್ಟುತ್ತದೆ. ಫ್ರಿಜ್‌ನಿಂದ ತೆಗೆದ ನೀರಿನ ಬಾಟ್ಲಿ ಬೆವರುತ್ತದಲ್ವಾ, ಹಾಗೇ. ನನ್ನ ಮೊದಲ ಮೆಷಿನ್ ಹೀಗೇ ಹೋಯಿತು. ಬೆಳಿಗ್ಗೆ ಹೊಲದಿಂದ ಬಂದವನು ಒಣಗಲಿ ಅಂತ ನೇರ ಒಲೆ ಪಕ್ಕ ನಿಲ್ಲಿಸಿದೆ. ವಾರದಲ್ಲಿ ಸ್ಕ್ರೀನ್ ಒಳಗೆ ಹಬೆ ಕಟ್ಟಿತು, ಬೋರ್ಡಿನ ಮೇಲೆ ಹಸಿರು ಕಿಲುಬು ಬಂತು. ಈಗ ಹೊರಗಡೆಯೇ ಬಟ್ಟೆಯಲ್ಲಿ ಒರೆಸಿ, ಚೀಲದಲ್ಲಿ ಹಾಕಿ ಬಾಯಿ ಕಟ್ಟಿ ಒಳಗೆ ತರುತ್ತೇನೆ. ಅರ್ಧ ಗಂಟೆ ಕಳೆದು ಚೀಲ ಬಿಚ್ಚುತ್ತೇನೆ. ಅಷ್ಟು ಹೊತ್ತಿಗೆ ಹನಿಗಟ್ಟುವುದು ಚೀಲದ ಹೊರಗೆ.

ಎಷ್ಟು ಗಂಟೆಗೆ ಶುರು ಮಾಡಿದ್ರೆ ಒಳ್ಳೇದು?

ಒಂಬತ್ತರ ಮೇಲೆ. ಇಬ್ಬನಿ ಆರಿರುತ್ತದೆ, ರಾಗಿ ಕೂಳೆ ಕಾಯಿಲ್‌ಗೆ ಅಂಟಿಕೊಳ್ಳುವುದಿಲ್ಲ. ಕತ್ತಲಲ್ಲಿ ಮಾತ್ರ ಹೋಗಬೇಡಿ. ರಾತ್ರಿ ಡಿಟೆಕ್ಟರ್ ಹಿಡಿದು ಹೊಲದಲ್ಲಿ ನಿಂತವರನ್ನು ಊರವರು ನಿಧಿ ಕಳ್ಳರು ಅಂದುಕೊಳ್ಳುತ್ತಾರೆ, ಅದರಲ್ಲಿ ತಪ್ಪೂ ಇಲ್ಲ. ಹೊಲದ ಯಜಮಾನರನ್ನು ಜೊತೆಗೇ ಕರೆದುಕೊಂಡು ಹೋಗಿ.

ಗ್ಲೌಸ್, ಸ್ವೆಟರ್ ಹಾಕ್ಕೊಂಡ್ರೆ ಮೆಷಿನ್‌ಗೆ ತೊಂದರೆನಾ?

ಉಣ್ಣೆ ಬಟ್ಟೆಯಿಂದ ಏನೂ ಆಗುವುದಿಲ್ಲ. ಲೋಹ ಇದ್ದರೆ ತೊಂದರೆ. ಜರ್ಕಿನ್ ಕೆಳಗಿನ ಲೋಹದ ಜಿಪ್, ಕೈಗಡಗ, ಮೂತಿಗೆ ಉಕ್ಕು ಹಾಕಿದ ಶೂ, ಇವು ಕಾಯಿಲ್ ಹತ್ತಿರ ಬಂದಾಗಲೆಲ್ಲ ಕೂಗಿಸುತ್ತವೆ. ಬೆರಳ ತುದಿ ಕತ್ತರಿಸಿದ ಉಣ್ಣೆ ಗ್ಲೌಸ್ ನನಗೆ ಹಿಡಿಸುತ್ತದೆ, ಬಟನ್ ಒತ್ತಲೂ ಆಗುತ್ತದೆ, ಮಣ್ಣಿನಲ್ಲಿ ಉಂಗುರ ತಡಕಲೂ ಆಗುತ್ತದೆ. ಹೆಡ್‌ಫೋನ್ ಮೇಲೆ ಮಂಕಿ ಟೋಪಿ ಎಳೆದುಕೊಂಡರೆ ಕಿವಿಗೂ ಬೆಚ್ಚಗೆ.

ಚಳಿಗೆ ಹಾವು ಇರಲ್ಲ ಅಲ್ವಾ?

ಇರುತ್ತವೆ. ಬಿಸಿಲು ಕಾಯಲು ಬದುವಿನ ಮೇಲೆ, ಬಂಡೆಯ ಮೇಲೆ ಬಂದು ಮಲಗುತ್ತವೆ. ಮೈ ತಣ್ಣಗಿರುವುದರಿಂದ ನಮ್ಮ ಹೆಜ್ಜೆ ಸದ್ದಿಗೆ ಬೇಗ ಸರಿದುಹೋಗುವುದಿಲ್ಲ. ಅದೇ ಅಪಾಯ. ಕೊಳಕುಮಂಡಲ ಒಣ ಹುಲ್ಲಿನ ಬಣ್ಣಕ್ಕೇ ಇರುತ್ತದೆ. ಸಿಗ್ನಲ್ ಬಂತು ಅಂತ ಕೂಳೆಯೊಳಗೆ, ಕಲ್ಲು ಗುಡ್ಡೆಯೊಳಗೆ ಕೈ ಹಾಕಬೇಡಿ. ಮೊದಲು ಕೋಲಿನಲ್ಲಿ ಸರಿಸಿ. ಕಚ್ಚಿದರೆ ಮಂತ್ರ, ಔಷಧಿ ಅಂತ ಹೊತ್ತು ಕಳೆಯದೆ ನೇರ ಆಸ್ಪತ್ರೆ.

ತೇವ ಇದ್ರೆ ಮೆಷಿನ್ ಚೆನ್ನಾಗಿ ಹಿಡಿಯುತ್ತೆ ಅಂತಾರೆ, ನಿಜಾನಾ?

ಕಳೆದದ್ದು ಏನು ಅನ್ನುವುದರ ಮೇಲೆ ಹೋಗುತ್ತದೆ. ಬಹಳ ವರ್ಷ ಮಣ್ಣಿನಲ್ಲಿದ್ದ ಕಬ್ಬಿಣದ ತುಕ್ಕು ಸುತ್ತಲಿನ ಮಣ್ಣಿಗೂ ಇಳಿದಿರುತ್ತದೆ. ಮಣ್ಣು ಒದ್ದೆಯಾದಾಗ ಅದು ದೊಡ್ಡದಾಗಿ ಕೇಳಿಸುತ್ತದೆ. ಮೊನ್ನೆ ಬಿದ್ದ ಚಿನ್ನದ ಉಂಗುರಕ್ಕೆ ಅಂಥ ಲಾಭವಿಲ್ಲ. ಹಿಂಗಾರು ಮಳೆಯ ತೇವ ಡಿಸೆಂಬರಿನಲ್ಲಿ ಇನ್ನೂ ಇರುವುದರಿಂದ ಅಗೆಯುವುದಂತೂ ಸಲೀಸು. ಕುರ್ಪಿಯಲ್ಲಿ ಮಣ್ಣು ಬೆಲ್ಲದ ಅಚ್ಚಿನಂತೆ ಒಂದೇ ತುಂಡಾಗಿ ಬರುತ್ತದೆ, ಮತ್ತೆ ಅಲ್ಲೇ ಕೂರಿಸಿ ತುಳಿಯಬಹುದು. ಚೌಳು ನೆಲ ಒದ್ದೆಯಾದರೆ ಮಾತ್ರ ಉಲ್ಟಾ. ಉಪ್ಪು ಕರಗಿದ ನೀರಿನಲ್ಲಿ ಕರೆಂಟ್ ಹರಿಯುತ್ತದೆ, ನೆಲವೇ ಕೂಗುತ್ತದೆ. ಅಲ್ಲಿ ಸೆನ್ಸಿಟಿವಿಟಿ (ಮೆಷಿನ್ ಎಷ್ಟು ಸೂಕ್ಷ್ಮವಾಗಿ ಕೇಳಿಸಿಕೊಳ್ಳಬೇಕು ಅನ್ನುವ ಮಟ್ಟ) ಇಳಿಸಿ, ಇಲ್ಲವೇ ಒಣಗುವವರೆಗೆ ಕಾಯಿರಿ.

## ಕೈ ಪಳಗಿದವರಿಗೆ

ಬೆಳಿಗ್ಗೆ ಸುಮ್ನಿದ್ದ ಮೆಷಿನ್ ಹತ್ತು ಗಂಟೆಗೆ ಕಿರ್ ಕಿರ್ ಅನ್ನೋಕೆ ಶುರು ಮಾಡುತ್ತೆ, ಯಾಕೆ?

ಮೊದಲು ತ್ರೀ ಫೇಸ್ ಬಂತಾ ನೋಡಿ. ಹೊಲಕ್ಕೆ ಕರೆಂಟ್ ಬಂದ ಕೂಡಲೇ ಪಂಪ್‌ಸೆಟ್‌ಗಳು ಶುರುವಾಗುತ್ತವೆ. ಸ್ಟಾರ್ಟರ್ ಪ್ಯಾನೆಲ್, ತಲೆ ಮೇಲಿನ ತಂತಿ ಎಲ್ಲ ಕಾಯಿಲ್‌ಗೆ ಕೇಳಿಸುತ್ತವೆ. ಕಾಯಿಲ್ ಅಲ್ಲಾಡಿಸದೆ ಹಿಡಿದಾಗಲೂ ಸದ್ದು ಬಂದರೆ ಅದು ಕರೆಂಟಿನದೇ. ಸೆಕೆಂಡಿಗೊಂದು ಸಲ ಟಿಕ್ ಅಂದರೆ ಪಕ್ಕದ ತೋಟದ ಸೋಲಾರ್ ಬೇಲಿ. ಫ್ರೀಕ್ವೆನ್ಸಿ (ಕಾಯಿಲ್‌ನ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ದಿಕ್ಕು ಬದಲಿಸುತ್ತದೆ ಅನ್ನುವ ಲೆಕ್ಕ) ಬದಲಿಸಿ, ಸೆನ್ಸಿಟಿವಿಟಿ ಇಳಿಸಿ, ಆಗದಿದ್ದರೆ ಯಜಮಾನರಿಗೆ ಹೇಳಿ ಒಂದು ಗಂಟೆ ಆಫ್ ಮಾಡಿಸಿ.

ಕಾಯಿಲ್ ಅಲ್ಲಾಡಿಸಿದಾಗ ಮಾತ್ರ ಸದ್ದು ಬಂದರೆ ಅದು ಬಿಸಿಲಿನ ಕೆಲಸ. ನನ್ನ ಅಂಗಡಿ ಕೆಲಸದಿಂದ ಇದು ಬೇಗ ಅರ್ಥವಾಯಿತು. ತಾಮ್ರದ ತಂತಿಯ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಒಂದೊಂದು ಡಿಗ್ರಿಗೆ ಸುಮಾರು 0.39 ಪರ್ಸೆಂಟ್ ಏರುತ್ತದೆ. ಬೆಳಿಗ್ಗೆ 12 ಡಿಗ್ರಿ ಇದ್ದ ಕಾಯಿಲ್ ಬಿಸಿಲಿಗೆ 30 ಆದರೆ ಹೆಚ್ಚು ಕಡಿಮೆ 7 ಪರ್ಸೆಂಟ್ ವ್ಯತ್ಯಾಸ. ಒಳ್ಳೇ ಮೆಷಿನ್ ಇದನ್ನು ಬಹುಪಾಲು ತಾನೇ ಸರಿದೂಗಿಸುತ್ತದೆ, ಆದರೂ ಬೆಳಿಗ್ಗೆ ಮಾಡಿದ ಗ್ರೌಂಡ್ ಬ್ಯಾಲೆನ್ಸ್ (ಬರೀ ಮಣ್ಣಿಗೆ ಕೂಗದ ಹಾಗೆ ಮೆಷಿನ್ ಹೊಂದಿಸುವುದು) ಅಷ್ಟಿಷ್ಟು ಜಾರುತ್ತದೆ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ ಇರುವುದರಿಂದ ಆ ಜಾರಿಕೆ ತಕ್ಷಣ ಕೇಳಿಸುತ್ತದೆ. ಹೊರಗೆ ತಂದ ಮೇಲೆ ಹತ್ತು ಹದಿನೈದು ನಿಮಿಷ ಹವೆಗೆ ಹೊಂದಿಕೊಳ್ಳಲು ಬಿಡಿ. ಆಮೇಲೆ ಬ್ಯಾಲೆನ್ಸ್ ಮಾಡಿ. ಬಿಸಿಲೇರಿದಾಗ ಇನ್ನೊಂದು ಸಲ ಮಾಡಿ.

ಇನ್ನೆರಡು ಸಣ್ಣ ಕಾರಣಗಳಿವೆ. ಚಳಿಗೆ ಕೇಬಲ್ ಬಿರುಸಾಗಿ ಕೋಲಿನಿಂದ ಬಿಟ್ಟುಕೊಂಡು ಅಲ್ಲಾಡುತ್ತಿರಬಹುದು. ಕಾಯಿಲ್ ಕವರಿನೊಳಗೆ ಒದ್ದೆ ಕೆಮ್ಮಣ್ಣು ಸೇರಿರಬಹುದು. ಕವರ್ ಬಿಚ್ಚಿ ತೊಳೆಯಿರಿ.

ಮಾಂಗಲ್ಯದ ಸರ ಬಿದ್ದ ಜಾಗ ಗೊತ್ತಿದ್ರೂ ಮೆಷಿನ್ ಕೂಗ್ಲಿಲ್ಲ. ಯಾಕೆ?

ಸರ ನಮ್ಮ ಕಣ್ಣಿಗೆ ಒಂದೇ. ಮೆಷಿನ್‌ಗೆ ಅದು ನೂರಾರು ಪುಟ್ಟ ಕೊಂಡಿ. ಒಂದು ಕೊಂಡಿಯಲ್ಲಿ ಸುತ್ತುವ ಕರೆಂಟ್ ಮುಂದಿನದಕ್ಕೆ ಸರಿಯಾಗಿ ದಾಟುವುದಿಲ್ಲ. ಹಾಗಾಗಿ ಐದು ಗ್ರಾಂ ಉಂಗುರ ಜೋರಾಗಿ ಕೂಗುವ ಕಡೆ ಇಪ್ಪತ್ತು ಗ್ರಾಂ ಸಣ್ಣ ಸರ ಪಿಸುಗುಟ್ಟುತ್ತದೆ. ಕರಿಮಣಿ ಗಾಜು, ಅದು ಕೇಳಿಸುವುದೇ ಇಲ್ಲ. ಅಲ್ಲಿ ಹುಡುಕಬೇಕಾದ್ದು ತಾಳಿಯ ಬೊಟ್ಟನ್ನು. ಅದು ಗಟ್ಟಿ ತಗಡು. ಫ್ರೀಕ್ವೆನ್ಸಿ ಆರಿಸುವ ಮೆಷಿನ್ ಆದರೆ ಹೆಚ್ಚಿನದು ಇಡಿ, ಡಿಸ್ಕ್ರಿಮಿನೇಷನ್ (ಬೇಡದ ಲೋಹಕ್ಕೆ ಸದ್ದು ಬಾರದ ಹಾಗೆ ತಡೆಯುವ ಸೆಟ್ಟಿಂಗ್) ಪೂರ್ತಿ ತೆಗೆಯಿರಿ, ಸಣ್ಣ ಕಾಯಿಲ್ ಹಾಕಿ ನೆಲ ಸವರುವ ಹಾಗೆ ನಿಧಾನ ಆಡಿಸಿ.

ಕಾಲುಂಗುರದಲ್ಲೂ ಇದೇ ಸಂಗತಿ. ಅದರ ಸುತ್ತು ಪೂರ್ತಿ ಕೂಡಿರುವುದಿಲ್ಲ, ನಡುವೆ ಸೀಳಿರುತ್ತದೆ. ಸುತ್ತು ತುಂಡಾದ್ದರಿಂದ ಕರೆಂಟ್ ಪೂರ್ತಿ ಸುತ್ತಲಾಗದು. ಬೆಳ್ಳಿಯಾದರೂ ಕ್ಷೀಣವಾಗಿ ಕೇಳಿಸುತ್ತದೆ.

ಮಗ ಕೆನಡಾದಲ್ಲಿದ್ದಾನೆ. ಅಲ್ಲಿ ಮೈನಸ್ ಹದಿನೈದು. ಅಲ್ಲಿ ಹಿಮದಲ್ಲಿ ಬಿದ್ದ ಉಂಗುರ ಹುಡುಕೋದು ಹೇಗೆ?

ಹಿಮ ಮೆಷಿನ್‌ಗೆ ಅಡ್ಡಿಯಲ್ಲ. ಮಂಜುಗಡ್ಡೆಯಲ್ಲಿ ಕರೆಂಟ್ ಹರಿಯುವುದು ಬಹಳ ಕಡಿಮೆ. ಆದರೆ ಅರ್ಧ ಅಡಿ ಹಿಮ ಇದ್ದರೆ ಕಾಯಿಲ್‌ಗೂ ನೆಲಕ್ಕೂ ಅರ್ಧ ಅಡಿ ದೂರ ಅಂತಲೇ ಲೆಕ್ಕ. ಹೊಸ ಹಿಮದಲ್ಲಿ ಬಿದ್ದ ಉಂಗುರ ನೆಲಕ್ಕೆ ಇಳಿಯದೆ ನಡುವೆಯೇ ನಿಂತಿರಬಹುದು, ಅದಕ್ಕೇ ಯಾರೂ ತುಳಿಯುವ ಮೊದಲು, ಸಲಿಕೆ ಹಾಕುವ ಮೊದಲು ನೋಡಬೇಕು. ಅಷ್ಟು ಚಳಿಗೆ ಸ್ಕ್ರೀನಿನ ಅಂಕಿ ನಿಧಾನ ಬದಲಾಗುತ್ತದೆ, ಆಗ ಕಿವಿಯನ್ನೇ ನಂಬಬೇಕು. ಪ್ಲಾಸ್ಟಿಕ್ ಬೋಲ್ಟ್, ಕ್ಲಾಂಪ್ ಗಾಜಿನ ಹಾಗೆ ಮುರಿಯುತ್ತವೆ, ಬಿಗಿ ಮಾಡುವುದನ್ನು ಮನೆಯೊಳಗೇ ಮುಗಿಸಲಿ. ಪೆನ್ಸಿಲ್ ಸೆಲ್ ಮೆಷಿನ್ ಆದರೆ ಚಾರ್ಜ್ ಮಾಡಲು ಬಾರದ 1.5 ವೋಲ್ಟಿನ ಲಿಥಿಯಂ ಸೆಲ್ ಹಾಕಲಿ. ಒಳಗೇ ಲಿಥಿಯಂ ಬ್ಯಾಟರಿ ಇದ್ದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್‌ಗೆ ಹಾಕಲೇಬಾರದು, ಬ್ಯಾಟರಿ ಒಳಗಿಂದ ಶಾಶ್ವತವಾಗಿ ಕೆಡುತ್ತದೆ. ನೆಲ ಹೆಪ್ಪುಗಟ್ಟಿದ್ದರೆ ಮೀಟಿ ಎಬ್ಬಿಸುವುದು ಬೇಡ. ಜಾಗಕ್ಕೆ ಗುರುತು ಹಾಕಿ ಕರಗುವವರೆಗೆ ಬಿಡಲಿ.

ಕಣದಲ್ಲಿ, ಹುಲ್ಲಿನ ಮೆದೆಯಲ್ಲಿ ಬಿದ್ದಿದ್ದು ಹುಡುಕೋದು ಹೇಗೆ?

ಮೆದೆಯ ಮೇಲೆ ಕಾಯಿಲ್ ಆಡಿಸಿದರೆ ಪ್ರಯೋಜನವಿಲ್ಲ. ಅದು ಆಳೆತ್ತರ, ಮೆಷಿನ್ ಕೇಳುವುದು ಅಂಗೈ ಆಳ. ಖಾಲಿ ನೆಲದ ಮೇಲೆ ಟಾರ್ಪಾಲ್ ಹಾಸಿ. ಹಾಸುವ ಮೊದಲು ಆ ನೆಲವನ್ನೇ ಒಂದು ಸಲ ನೋಡಿ, ಟ್ರ್ಯಾಕ್ಟರ್ ಬೋಲ್ಟ್, ಮೊಳೆ ಇದ್ದರೆ ಹೆಕ್ಕಿ. ಆಮೇಲೆ ಹುಲ್ಲನ್ನು ಅರ್ಧ ಅಡಿ ದಪ್ಪಕ್ಕೆ ಹರಡಿ, ಒಂದು ಕಡೆಯಿಂದ ಸಾಲು ಬಿಡದೆ ಆಡಿಸಿ, ನೋಡಿದ್ದನ್ನು ಬೇರೆ ಕಡೆ ಒಟ್ಟಿ. ನೋಡಿದ್ದಕ್ಕೂ ನೋಡದ್ದಕ್ಕೂ ನಡುವೆ ಐದು ಹೆಜ್ಜೆ ಜಾಗ ಇರಲಿ. ರಾಗಿ ಕಾಳಿನ ರಾಶಿಯಲ್ಲಿ ಬಿದ್ದಿದ್ದರೆ ಮೆಷಿನ್ ಬೇಕಿಲ್ಲ, ಜರಡಿಯೇ ಬೇಗ.

ಹೋದ ಜನವರಿಯಲ್ಲಿ ಒಬ್ಬ ಅಜ್ಜಿಯ ಕಾಲುಂಗುರಕ್ಕೆ ಹೀಗೇ ಒಂದಿಡೀ ಬೆಳಿಗ್ಗೆ ಮೆದೆ ಬಿಚ್ಚಿದೆವು. ಸೊಸೆ, ಮೊಮ್ಮಕ್ಕಳು ಎಲ್ಲ ಹುಲ್ಲು ಹೊತ್ತರು. ಮೆದೆಯಲ್ಲಿ ಇರಲಿಲ್ಲ. ಕಣದ ಅಂಚಿನಲ್ಲಿ, ಅಜ್ಜಿ ಕೂತು ಕಡ್ಡಿ ಆಯುತ್ತಿದ್ದ ಕಡೆ, ಒಂದು ಸಣ್ಣ ಸದ್ದು ಬಂತು. ಮಾತ್ರೆ ಹಾಳೆ ಅಂದುಕೊಂಡೇ ಕೆದಕಿದೆ. ಸೀಳಿನ ತುಂಬ ಕೆಮ್ಮಣ್ಣು ಕಚ್ಚಿಕೊಂಡು, ಒಂದು ರಾಗಿ ಕಾಳೂ ಅದರಲ್ಲಿ ಸಿಕ್ಕಿಕೊಂಡು, ಅಲ್ಲಿತ್ತು. ಅಜ್ಜಿ ಸೆರಗಿನಲ್ಲಿ ಒರೆಸಿ ಅಲ್ಲೇ ಬೆರಳಿಗೆ ತೊಟ್ಟುಕೊಂಡಳು. ಚಳಿಗೆ ಸಲೀಸಾಗಿ ಹೋಯಿತು. ‘ಅಜ್ಜೀ, ಸೀಳು ಒಂಚೂರು ಒತ್ತಿ ಬಿಗಿ ಮಾಡಿಸ್ಕೊಳಿ, ಇಲ್ಲಾಂದ್ರೆ ನಾಳೆ ಮತ್ತೆ ಜಾರುತ್ತೆ’ ಅಂದೆ. ‘ಮಧ್ಯಾಹ್ನಕ್ಕೆ ತಾನೇ ಬಿಗಿ ಆಗುತ್ತೆ ಬಿಡಪ್ಪ’ ಅಂದಳು.